ಮನೆಮನೆಯ ಗೋಡೆಯ ಮೇಲೆ ರವಿವರ್ಮರು

ನಮ್ಮ ಪಟ್ಟಣಗಳಲ್ಲಿ ಯಾವ ಗೃಹಸ್ಥನ ಮನೆಗೆ ಹೋದರೂ ದೇವರ ಕೋಣೆಯಲ್ಲಿ ಒಂದು ಪಟವು ಕಣ್ಣಿಗೆ ಬೀಳುವುದು. ಕೊಳದ ನಡುವೆ ಅರಳಿದ ತಾವರೆಯ ಮೇಲೆ ನಿಂತಿರುವ ಚತುರ್ಭುಜೆಯಾದ ಲಕ್ಷ್ಮಿ, ಪಕ್ಕದಲ್ಲಿ ಸೊಂಡಿಲಿನಿಂದ ಮಾಲೆಯನ್ನೆತ್ತಿ ಹಿಡಿದಿರುವ ಆನೆ, ಜರಿಯಂಚಿನ ಸೀರೆ, ಪ್ರಸನ್ನವಾದ ಮುಖ. ವರ್ತಕನ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆಯೂ ಅದೇ ಮುಖ, ವರಮಹಾಲಕ್ಷ್ಮಿಯ ದಿನ ಕಲಶಕ್ಕೆ ಕಟ್ಟುವ ಬೆಳ್ಳಿಯ ಮುಖವಾಡಕ್ಕೂ ಬಹುಮಟ್ಟಿಗೆ ಅದೇ ಮಾದರಿ. ಜಗನ್ಮಾತೆಯ ರೂಪವು ಅನಾದಿಯಿಂದಲೂ ಹೀಗೆಯೇ ಇದ್ದಿತೆಂದು ನಮ್ಮ ಗೃಹಿಣಿಯರು ನಂಬಿರುವರು. ವಸ್ತುತಃ ಈ ರೂಪಕ್ಕೆ ಇನ್ನೂ 150 ವರ್ಷಗಳು ತುಂಬಿಲ್ಲ. ಇದನ್ನು ಕಲ್ಪಿಸಿದವರು ತಿರುವಾಂಕೂರು ಸೀಮೆಯ ಕಿಳಿಮಾನೂರಿನ ರಾಜಾ ರವಿವರ್ಮರು.

ನಾವು ಬಾಲ್ಯದಲ್ಲಿ ಅಕ್ಷರಾಭ್ಯಾಸ ಮಾಡಿದ ಪಾಠಶಾಲೆಯ ಗೋಡೆಯ ಮೇಲೆ ಸರಸ್ವತಿಯ ಒಂದು ಹಳೆಯ ಪಟವಿದ್ದಿತು. ನದೀತೀರದ ಬಂಡೆಯ ಮೇಲೆ ಕುಳಿತು ವೀಣೆಯನ್ನು ನುಡಿಸುವ ದೇವಿ, ಬಳಿಯಲ್ಲಿ ನವಿಲು. ಪಟದ ಕೆಳಗಡೆ ಸಣ್ಣ ಇಂಗ್ಲಿಷ್ ಅಕ್ಷರಗಳ ಒಂದು ಸಾಲು. ಇಂಗ್ಲಿಷ್ ಬಾರದ ನಾವು ಅದು ದೇವಿಯ ಯಾವುದೋ ಬೀಜಮಂತ್ರವಿರಬೇಕೆಂದು ಭಾವಿಸಿ ಅದಕ್ಕೂ ಕೈಮುಗಿಯುತ್ತಿದ್ದೆವು. ಮೆಟ್ರಿಕ್ಯುಲೇಷನ್ ತರಗತಿಗೆ ಬಂದ ಮೇಲೆ ಒಮ್ಮೆ ಓದಿ ನೋಡಲಾಗಿ ಅದು ಅಚ್ಚುಕೂಟದ ಹೆಸರೆಂದು ತಿಳಿಯಿತು. ಅಂದು ನಮಗೆ ನಗೆ ಬಂದಿತು. ಇಂದು ವಿಚಾರ ಮಾಡಿದರೆ ಆ ಸಾಲಿಗೆ ಕೈಮುಗಿದದ್ದು ಅಷ್ಟೇನೂ ತಪ್ಪಾಗಿರಲಿಲ್ಲವೆಂದು ತೋರುವುದು.

ರವಿವರ್ಮರ ವಿಷಯವಾಗಿ ದೇಶಾಭಿಮಾನಿಗಳಲ್ಲಿ ಒಂದು ಹಳೆಯ ವಿವಾದವುಂಟು. ಅವರ ಕಲೆಯು ಸ್ವದೇಶಿಯೋ ವಿದೇಶಿಯೋ ಎಂಬುದೇ ಆ ವಿವಾದ. ಬಣ್ಣವು ಯೂರೋಪಿನದು, ರೀತಿಯು ಯೂರೋಪಿನದು, ಅಚ್ಚಿನ ಯಂತ್ರವು ಜರ್ಮನಿಯದು. ವಿಷಯವು ಮಾತ್ರ ನಮ್ಮ ಪುರಾಣಗಳದು. ಈ ಪ್ರಶ್ನೆಯನ್ನು ಕೇವಲ ಚಿತ್ರಗಾರರಿಗೆ ಬಿಟ್ಟುಬಿಡತಕ್ಕದ್ದಲ್ಲ. ನಮ್ಮ ವಿದ್ಯೆ, ನಮ್ಮ ನ್ಯಾಯಪದ್ಧತಿ, ಈ ಪತ್ರಿಕೆಯನ್ನು ಅಚ್ಚು ಮಾಡುವ ಯಂತ್ರ, ಇವೆಲ್ಲವೂ ಹೊರಗಿನಿಂದ ಬಂದು ನಮ್ಮ ಕೈಯಲ್ಲಿ ನೆಲೆಸಿದವುಗಳೇ. ಯಾವುದು ನಮ್ಮದು ಎಂಬುದನ್ನು ಅಳೆಯುವ ಅಳತೆಗೋಲು ಯಾವುದೆಂಬುದನ್ನು ರವಿವರ್ಮರ ಉದಾಹರಣೆಯಿಂದ ಪರೀಕ್ಷಿಸಿ ನೋಡಬಹುದು.

ಗುರುವಿಲ್ಲದ ವಿದ್ಯೆ

ರವಿವರ್ಮರು ಹುಟ್ಟಿದ್ದು 1848ನೆಯ ಇಸವಿ ಏಪ್ರಿಲ್ 29ರಂದು. ತಿರುವಾಂಕೂರು ರಾಜವಂಶದೊಡನೆ ವಿವಾಹಸಂಬಂಧವಿದ್ದ ಮನೆತನ. ಬಾಲಕನು ಗೋಡೆಗಳ ಮೇಲೆ ಗೀಚುತ್ತಿದ್ದ ಚಿತ್ರಗಳನ್ನು ಕಂಡು ಸೋದರಮಾವನು ಗದರಿಸಲಿಲ್ಲ. ತಾನೇ ಬಲ್ಲಷ್ಟು ಪಾಠವನ್ನು ಹೇಳಿ, ಹದಿನಾಲ್ಕನೆಯ ವಯಸ್ಸಿನಲ್ಲಿ ತಿರುವನಂತಪುರಕ್ಕೆ ಕರೆದುಕೊಂಡು ಹೋಗಿ ಆಯಿಲ್ಯಂ ತಿರುನಾಳ್ ಮಹಾರಾಜರ ಆಶ್ರಯದಲ್ಲಿರಿಸಿದನು. ಆಗ ನಮ್ಮ ದೇಶದಲ್ಲಿ ತೈಲವರ್ಣದ ಮರ್ಮವನ್ನು ಬಲ್ಲವರು ಬಹು ವಿರಳ. ಅರಮನೆಯ ಚಿತ್ರಗಾರನು ಆ ವಿದ್ಯೆಯನ್ನು ಈ ಬಾಲಕನಿಗೆ ಹೇಳಿಕೊಡಲು ಒಪ್ಪಲಿಲ್ಲವೆಂದು ಚರಿತ್ರಕಾರರು ಬರೆಯುವರು. 1868ರಲ್ಲಿ ಥಿಯೊಡೋರ್ ಜೆನ್ಸನ್ ಎಂಬ ಯೂರೋಪಿಯನ್ ಚಿತ್ರಗಾರನು ಅರಮನೆಗೆ ಬಂದಾಗ, ಅವನು ಕೆಲಸ ಮಾಡುವುದನ್ನು ನೋಡುವ ಅವಕಾಶವು ದೊರೆಯಿತಲ್ಲದೆ ಪಾಠವು ದೊರೆಯಲಿಲ್ಲ. ಏಕಲವ್ಯನ ಕಥೆಯನ್ನು ಬಲ್ಲ ದೇಶದಲ್ಲಿ ಇದು ಹೊಸ ಸಂಗತಿಯಲ್ಲ. ಆದರೆ ಈ ಏಕಲವ್ಯನ ಹೆಬ್ಬೆರಳನ್ನು ಕೇಳುವವರು ಯಾರೂ ಇರಲಿಲ್ಲವೆಂಬುದು ನಮ್ಮ ಭಾಗ್ಯ.

ಅವರ ಜೀವನದಲ್ಲಿ ನಮ್ಮ ನಾಡಿಗೂ ಆರಂಭದಿಂದಲೇ ಸ್ಥಾನವುಂಟು. 1870ರಲ್ಲಿ ಅವರು ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ ವ್ರತವನ್ನಾಚರಿಸಿದರು. ಹಿಂದಿರುಗುವಾಗ ಕಲ್ಲೀಕೋಟೆಯಲ್ಲಿ ಒಬ್ಬ ನ್ಯಾಯಾಧಿಕಾರಿಯ ಕುಟುಂಬದ ಚಿತ್ರವನ್ನು ಬರೆದುಕೊಟ್ಟು ಸಂಭಾವನೆ ಪಡೆದರು. ಹಣ ಪಡೆದು ಬರೆದ ಮೊದಲ ಚಿತ್ರವು ಅದೇ ಎಂದು ಹೇಳುವರು. ರಾಜವಂಶದ ಸಂಬಂಧಿಯೊಬ್ಬನು ಚಿತ್ರವನ್ನು ಬರೆದು ಜೀವನ ಮಾಡುವುದೆಂದರೆ ಆ ಕಾಲದಲ್ಲಿ ಸಾಮಾನ್ಯವಾದ ಮಾತಲ್ಲ. ಚಿತ್ರಗಾರಿಕೆಯನ್ನು ಒಂದು ಗೌರವದ ಉದ್ಯೋಗವಾಗಿ ಮಾಡಿದ ಮೊದಲ ಭಾರತೀಯರ ಪಂಕ್ತಿಯಲ್ಲಿ ಅವರನ್ನು ಸೇರಿಸಲೇಬೇಕು.

1873ರಲ್ಲಿ ಮಲ್ಲಿಗೆಯ ಮಾಲೆಯನ್ನು ಮುಡಿಯುವ ನಾಯರ್ ಸ್ತ್ರೀಯ ಚಿತ್ರಕ್ಕೆ ಮದರಾಸಿನ ಪ್ರದರ್ಶನದಲ್ಲಿ ಗವರ್ನರರ ಸುವರ್ಣಪದಕವು ಬಂದಿತು. ಅದೇ ವರ್ಷ ವಿಯೆನ್ನಾ ಪಟ್ಟಣದ ಪ್ರದರ್ಶನದಲ್ಲಿಯೂ ಅವರಿಗೆ ಮನ್ನಣೆ ದೊರೆಯಿತು. 1893ರಲ್ಲಿ ಸ್ವಾಮಿ ವಿವೇಕಾನಂದರು ಷಿಕಾಗೋ ನಗರದಲ್ಲಿ ಭಾಷಣ ಮಾಡಿದ ಆ ವರ್ಷವೇ, ಅದೇ ನಗರದ ಮಹಾಪ್ರದರ್ಶನದಲ್ಲಿ ರವಿವರ್ಮರ ಹತ್ತು ಚಿತ್ರಗಳಿದ್ದುವು. ಭಾರತದ ನಾನಾ ಪ್ರಾಂತಗಳ ಸ್ತ್ರೀಯರ ಚಿತ್ರಗಳವು, ಪದಕಗಳನ್ನೂ ಪಡೆದುವು. ಒಬ್ಬರು ನಮ್ಮ ದೇಶದ ವಾಣಿಯನ್ನೂ ಇನ್ನೊಬ್ಬರು ನಮ್ಮ ದೇಶದ ಮುಖವನ್ನೂ ಒಂದೇ ವರ್ಷ ಒಂದೇ ಊರಿಗೆ ಒಯ್ದರು.

ಸೀರೆಯ ಪ್ರಶ್ನೆ

ಬಡೋದೆಯ ಸಯಾಜಿರಾವ್ ಮಹಾರಾಜರು 1888ರಲ್ಲಿ ಪುರಾಣಕಥೆಗಳ 14 ಚಿತ್ರಗಳನ್ನು ಬರೆದುಕೊಡುವಂತೆ ಅವರನ್ನು ಕೇಳಿಕೊಂಡರು. ಆಗ ಒಂದು ವಿಚಿತ್ರವಾದ ತೊಡಕು ತಲೆದೋರಿತು. ದಮಯಂತಿಯು ಯಾವ ಬಗೆಯ ವಸ್ತ್ರವನ್ನುಡುತ್ತಿದ್ದಳು? ದ್ರೌಪದಿಯ ಉಡಿಗೆಯೆಂತಹದು? ಮಲೆಯಾಳದ ಮುಂಡನ್ನು ಉಡಿಸಿದರೆ ಗುಜರಾತಿನವನು ಒಪ್ಪನು. ಉತ್ತರದೇಶದ ಲಂಗವನ್ನು ತೊಡಿಸಿದರೆ ದ್ರಾವಿಡನು ಒಪ್ಪನು. ರವಿವರ್ಮರು ಮನೆಯಲ್ಲಿ ಕುಳಿತು ಊಹೆ ಮಾಡಲಿಲ್ಲ. ತಮ್ಮನಾದ ರಾಜರಾಜವರ್ಮರೊಡನೆ ಉತ್ತರ ಹಿಂದೂಸ್ಥಾನವನ್ನೆಲ್ಲ ಸುತ್ತಿ ಜನರ ಉಡಿಗೆತೊಡಿಗೆಗಳನ್ನು ನೋಡಿಬಂದರು. ದೇಶಕ್ಕೆಲ್ಲ ಒಂದೇ ಆದ ಪ್ರಾಚೀನ ವೇಷವೆಂಬುದು ಎಲ್ಲಿಯೂ ಸಿಕ್ಕಲಿಲ್ಲ. ಕೊನೆಗೆ ಮಹಾರಾಷ್ಟ್ರದ ಕಡೆಯ ಸೀರೆಯ ಉಡಿಗೆಯನ್ನು ಆಧಾರವಾಗಿಟ್ಟುಕೊಂಡು ಪೌರಾಣಿಕ ನಾಯಿಕೆಯರಿಗೆಲ್ಲ ಸೀರೆಯನ್ನುಡಿಸಿದರು. ಇಂದು ಸೀತೆಯನ್ನಾಗಲಿ ಶಕುಂತಲೆಯನ್ನಾಗಲಿ ಸೀರೆಯಿಲ್ಲದೆ ಊಹಿಸಲು ನಮ್ಮಿಂದಾಗದು.

ಇದರಲ್ಲಿ ಲಾಭವೂ ಉಂಟು, ನಷ್ಟವೂ ಉಂಟು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಯಾರು ನೋಡಿದರೂ ತಮ್ಮವಳೆಂದು ಗುರುತಿಸಬಲ್ಲ ಒಬ್ಬ ಭಾರತೀಯ ಸ್ತ್ರೀಯ ರೂಪವು ಅವರ ಕುಂಚದಿಂದ ಹೊರಟಿತು. ರಾಜಕೀಯ ಸಭೆಗಳಲ್ಲಿ ಐಕ್ಯದ ನಿರ್ಣಯಗಳು ಆಗಿನ್ನೂ ಮೊಳಕೆಯಲ್ಲಿದ್ದಾಗ ಚಿತ್ರದಲ್ಲಿ ಐಕ್ಯವು ಮೈದಳೆಯಿತು. ಆದರೆ ಆ ರೂಪವು ಗೌರವರ್ಣದ, ಸಂಪನ್ನ ಕುಟುಂಬದ ಸ್ತ್ರೀಯದಾಯಿತು. ಕಪ್ಪು ಮೈಯವರಾದ ಬಹುಸಂಖ್ಯಾತ ಮಕ್ಕಳು ತಮ್ಮ ದೇವತೆಗಳನ್ನು ತಮಗಿಂತ ಬೆಳ್ಳಗಿನವರೆಂದೇ ನೋಡಿ ಬೆಳೆದರು. ಈ ದೋಷವನ್ನು ಮುಚ್ಚಿಟ್ಟು ರವಿವರ್ಮರನ್ನು ಹೊಗಳುವುದು ಸತ್ಯಕ್ಕೆ ದೂರವಾದೀತು.

ಕಲ್ಲಚ್ಚಿನ ಕ್ರಾಂತಿ

ಅರಮನೆಗಳ ಗೋಡೆಗಳಲ್ಲಿಯೇ ಉಳಿದಿದ್ದರೆ ಈ ಚಿತ್ರಗಳ ಪ್ರಭಾವವು ಅರಮನೆಗಳೊಡನೆಯೇ ಮುಗಿಯುತ್ತಿತ್ತು. ತಿರುವಾಂಕೂರಿನಲ್ಲಿಯೂ ಬಡೋದೆಯಲ್ಲಿಯೂ ದಿವಾನರಾಗಿದ್ದ ಸರ್ ಟಿ. ಮಾಧವರಾಯರು ರವಿವರ್ಮರಿಗೆ ಒಂದು ಹಿತವಾದ ಸಲಹೆಯನ್ನಿತ್ತಿದ್ದರು: ಚಿತ್ರಗಳನ್ನು ಯೂರೋಪಿಗೆ ಕಳುಹಿಸಿ ಬಣ್ಣದಲ್ಲಿ ಅಚ್ಚು ಹಾಕಿಸಿದರೆ ಕೀರ್ತಿಯೂ ಹರಡುವುದು, ದೇಶಕ್ಕೂ ಸೇವೆಯಾಗುವುದು ಎಂದು. ರವಿವರ್ಮರು ಅದಕ್ಕಿಂತ ಒಂದು ಹೆಜ್ಜೆ ಮುಂದಕ್ಕೆ ಹೋದರು. ಚಿತ್ರಗಳನ್ನು ಯೂರೋಪಿಗೆ ಕಳುಹಿಸದೆ, ಯಂತ್ರವನ್ನೇ ಇಲ್ಲಿಗೆ ತರಿಸಿ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟವನ್ನು ತೆರೆದರು.

ಆ ಕೆಲಸದ ರೀತಿಯನ್ನು ವಾಚಕರು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಎಣ್ಣೆಯೂ ನೀರೂ ಒಂದಕ್ಕೊಂದು ಬೆರೆಯವಷ್ಟೆ. ನುಣುಪಾಗಿ ತೇದ ಸುಣ್ಣಗಲ್ಲಿನ ಹಾಸಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರವನ್ನು ಬರೆದು ಕಲ್ಲನ್ನು ತೇವ ಮಾಡಿದರೆ, ಬರೆದ ಕಡೆ ಮಾತ್ರ ಮಸಿಯು ಹಿಡಿಯುವುದು, ಉಳಿದೆಡೆ ಹಿಡಿಯದು. ಇಂತಹ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕು. ಒಂದೇ ಕಾಗದವನ್ನು ಕಲ್ಲಿನಿಂದ ಕಲ್ಲಿಗೆ ಕೂದಲೆಳೆಯಷ್ಟೂ ಸರಿಯದಂತೆ ಒತ್ತುತ್ತ ಹೋದರೆ ಕೊನೆಗೆ ಪೂರ್ಣ ಚಿತ್ರವು ಮೂಡುವುದು. ಮೇಲೆ ಹೊಳಪಿನ ಲೇಪವನ್ನು ಕೊಟ್ಟರೆ ತೈಲಚಿತ್ರದ ಭ್ರಾಂತಿಯುಂಟಾಗುವುದು. ಕೆಲಸಗಾರನ ತಾಳ್ಮೆಯೇ ಇದರ ಜೀವ. ಮೊದಲು ಹೊರಬಂದ ಪಟವು ಶಕುಂತಲೆಯ ಜನನ. ಆಮೇಲೆ ಲಕ್ಷ್ಮಿ, ಸರಸ್ವತಿ ಮುಂತಾದವು ಒಂದರ ಹಿಂದೊಂದಾಗಿ ಬಂದುವು.

ವರ್ಣಚಿತ್ರಗಳ ಅಚ್ಚು ನಮ್ಮ ದೇಶದಲ್ಲಿ ಆಗ ತೀರ ಹೊಸತಾಗಿರಲಿಲ್ಲವೆಂಬುದನ್ನೂ ಹೇಳಬೇಕು. ವಿಷ್ಣುಶಾಸ್ತ್ರಿ ಚಿಪಳೂಣಕರರು ಪುಣೆಯಲ್ಲಿ ಸ್ಥಾಪಿಸಿದ ಚಿತ್ರಶಾಲಾ ಪ್ರೆಸ್ಸು ಅದಕ್ಕೆ ಹಲವು ವರ್ಷ ಮೊದಲೇ ದೇವತಾಚಿತ್ರಗಳನ್ನು ಹೊರಡಿಸುತ್ತಿತ್ತು. ಕಲ್ಕತ್ತೆಯಲ್ಲಿಯೂ ಆ ಉದ್ಯಮವಿದ್ದಿತು. ರವಿವರ್ಮರ ಪಟಗಳು ಇವೆಲ್ಲವನ್ನೂ ಮೀರಿಸಿದ್ದು ರೂಪದ ಮೋಹಕತೆಯಿಂದ.

ಆದರೆ ವ್ಯಾಪಾರದಲ್ಲಿ ಅವರಿಗೆ ಗೆಲುವಾಗಲಿಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು, ಕೆಲಸಗಾರರು ಚದುರಿದರು, ಸಾಲವು ಬೆಳೆಯಿತು. 1899ರ ಹೊತ್ತಿಗೆ ಅಚ್ಚುಕೂಟವು ಲೋಣಾವಳದ ಬಳಿಯ ಮಳವಳಿ ಎಂಬ ಹಳ್ಳಿಗೆ ಹೋಯಿತು. ಕೆಲಕಾಲದಲ್ಲಿಯೇ ಅದನ್ನು ಫ್ರಿಟ್ಸ್ ಷ್ಲೈಷರ್ ಎಂಬ ಜರ್ಮನ್ ಕುಶಲಕರ್ಮಿಗೆ ಮಾರಬೇಕಾಯಿತು; ಯಂತ್ರಗಳೊಡನೆ ಚಿತ್ರಗಳನ್ನು ಅಚ್ಚುಹಾಕುವ ಹಕ್ಕೂ ಕೈಬಿಟ್ಟಿತು. ಕೋಟ್ಯಂತರ ಜನರಿಗೆ ಲಕ್ಷ್ಮಿಯ ಮುಖವನ್ನು ತೋರಿಸಿದವರಿಗೆ ಲಕ್ಷ್ಮಿಯು ಒಲಿಯಲಿಲ್ಲ. 1906ನೆಯ ಇಸವಿ ಅಕ್ಟೋಬರ್ 2ರಂದು ಅವರು ಕಿಳಿಮಾನೂರಿನಲ್ಲಿ ಕಾಲವಾದರು. ಆ ಅಚ್ಚುಕೂಟವು 1972ರಲ್ಲಿ ಬೆಂಕಿಗೆ ಆಹುತಿಯಾಯಿತು.

ಖಂಡನೆಯ ಮಾತು

ರವಿವರ್ಮರ ಮರಣಕ್ಕೆ ಮುಂಚೆಯೇ ವಂಗದೇಶದಲ್ಲಿ ಸ್ವದೇಶಿ ಚಳುವಳಿಯು ಹಬ್ಬಿದ್ದಿತು. ಅದರೊಡನೆಯೇ ಚಿತ್ರಕಲೆಯಲ್ಲಿಯೂ ಸ್ವದೇಶಿಯ ಪ್ರಶ್ನೆ ಎದ್ದಿತು. ಕಲ್ಕತ್ತೆಯ ಕಲಾಶಾಲೆಯ ಮುಖ್ಯಸ್ಥರಾಗಿದ್ದ ಹ್ಯಾವೆಲ್ ಸಾಹೇಬರು, ಅವನೀಂದ್ರನಾಥ ಠಾಕೂರರು, ಸೋದರಿ ನಿವೇದಿತೆ, ಆನಂದ ಕುಮಾರಸ್ವಾಮಿಗಳು, ಇವರೆಲ್ಲರೂ ಭಾರತೀಯ ಕಲೆಯ ಆತ್ಮವನ್ನು ಅಜಂತೆಯಲ್ಲಿಯೂ ಮೊಗಲ ಮತ್ತು ರಾಜಪೂತ ಚಿತ್ರಗಳಲ್ಲಿಯೂ ಹುಡುಕಬೇಕೆಂದು ವಾದಿಸಿದರು. ಅವರ ದೃಷ್ಟಿಯಲ್ಲಿ ರವಿವರ್ಮರ ದೇವತೆಗಳು ನಾಟಕದ ವೇಷಧಾರಿಗಳು, ಧ್ಯಾನದಿಂದ ಹುಟ್ಟಿದವರಲ್ಲ. ಶಕುಂತಲೆಯು ನೆಲದ ಮೇಲೆ ಒರಗಿ ಪತ್ರ ಬರೆಯುವ ಚಿತ್ರವನ್ನಂತೂ ನಿವೇದಿತೆಯವರು ಮರ್ಯಾದೆಗೆ ಹೊರತಾದುದೆಂದು ಕಟುವಾಗಿ ಟೀಕಿಸಿದರು.

ಈ ವಾದದಲ್ಲಿ ತಿರುಳಿದೆ. ಛಾಯಾಪ್ರಕಾಶಗಳಿಂದ ಮೈಯ ಮಾಂಸಲತೆಯನ್ನು ತೋರಿಸುವ ವಿದ್ಯೆಯು ದೇವತ್ವವನ್ನು ತೋರಿಸಲು ಸಾಲದು. ಬೇಲೂರಿನ ಶಿಲ್ಪಿಗೆ ಅದರ ಅವಶ್ಯಕತೆಯೇ ಇರಲಿಲ್ಲ. ಪುನಃ, ಅಗ್ಗದ ಅಚ್ಚಿನ ಪಟವು ಬಂದುದರಿಂದ ಕೈಯಿಂದ ಪಟವನ್ನು ಬರೆಯುತ್ತಿದ್ದ ಚಿತ್ರಗಾರರ ಮನೆತನಗಳಿಗೆ ಪೆಟ್ಟುಬಿದ್ದಿತು. ಚಿನ್ನದ ರೇಕನ್ನು ಹಚ್ಚಿ, ಗೆಸ್ಸೋ ಕೆಲಸ ಮಾಡಿ, ತಿಂಗಳುಗಟ್ಟಲೆ ಕುಳಿತು ಬರೆಯುವ ಮೈಸೂರಿನ ಸಾಂಪ್ರದಾಯಿಕ ಪಟವು ಕೆಲವು ಆಣೆಗಳ ಕಾಗದದೊಡನೆ ಸ್ಪರ್ಧಿಸುವುದು ಹೇಗೆ? ಮ್ಯಾಂಚೆಸ್ಟರಿನ ಬಟ್ಟೆಯು ನೇಕಾರನಿಗೆ ಏನು ಮಾಡಿತೋ, ಕಲ್ಲಚ್ಚು ಚಿತ್ರಗಾರನಿಗೆ ಸ್ವಲ್ಪಮಟ್ಟಿಗೆ ಅದನ್ನೇ ಮಾಡಿತು.

ನಮ್ಮ ನಾಡಿನಲ್ಲಿ ಈ ಎರಡು ಪಂಥಗಳೂ ನೆಲೆಸಿದುವು. 1885ರಲ್ಲಿ ಚಾಮರಾಜೇಂದ್ರ ಒಡೆಯರು ರವಿವರ್ಮರನ್ನು ಮೈಸೂರಿಗೆ ಕರೆಸಿಕೊಂಡರು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಪುನಃ ಪುರಾಣಚಿತ್ರಗಳು ಬರೆಯಲ್ಪಟ್ಟುವು. ಸಮುದ್ರರಾಜನ ಗರ್ವಭಂಗ ಮಾಡುವ ಶ್ರೀರಾಮನ ಚಿತ್ರವನ್ನೂ, ನಾನಾ ಪ್ರಾಂತಗಳ 11 ಮಂದಿ ಸ್ತ್ರೀಯರು ತಮ್ಮ ತಮ್ಮ ಉಡುಗೆಯಲ್ಲಿ ಗಾನಗೋಷ್ಠಿಗೆ ನೆರೆದಿರುವ ಚಿತ್ರವನ್ನೂ ಜಗನ್ಮೋಹನ ಅರಮನೆಯಲ್ಲಿ ನೋಡಬಹುದು. ಅದೇ ಮೈಸೂರಿನಲ್ಲಿ ಅರಮನೆಯ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥರ ಶಿಷ್ಯರಾಗಿ, ಜಲವರ್ಣದ ಸೂಕ್ಷ್ಮರೇಖೆಯನ್ನು ಸಾಧಿಸಿ ಬಂದರು. ವೆಂಕಟಪ್ಪನವರ ನೀಲಗಿರಿಯ ದೃಶ್ಯಗಳ ಮುಂದೆ ನಿಂತವನಿಗೆ ರವಿವರ್ಮರ ಮಾರ್ಗವೊಂದೇ ಮಾರ್ಗವಲ್ಲವೆಂಬುದು ಮನದಟ್ಟಾಗುವುದು. ನಮಗೆ ಇಬ್ಬರೂ ಬೇಕಾದವರು.

ಅಳತೆಗೋಲು ಯಾವುದು?

ಇಷ್ಟನ್ನೊಪ್ಪಿಕೊಂಡ ಮೇಲೆ ನಮ್ಮ ಅಭಿಪ್ರಾಯವನ್ನು ಹೇಳುವೆವು. ಸ್ವದೇಶಿಯೆಂಬುದನ್ನು ಬಣ್ಣದ ಡಬ್ಬಿಯ ಮೇಲಿನ ಮುದ್ರೆಯಿಂದ ನಿರ್ಣಯಿಸಲಾಗದು. ಕೃತಿಯು ಯಾರ ಮನೆಯನ್ನು ಹೊಕ್ಕಿತು, ಅಲ್ಲಿ ಏನು ಮಾಡಿತು ಎಂಬುದರಿಂದ ನಿರ್ಣಯಿಸತಕ್ಕದ್ದು.

ಅಂದಿನ ದಿನಗಳಲ್ಲಿ ದೇವಾಲಯದ ಗರ್ಭಗುಡಿಯ ಮೂರ್ತಿಯನ್ನು ಕಣ್ಣಿಂದ ಕಾಣುವ ಭಾಗ್ಯವು ಎಷ್ಟು ಜನರಿಗಿದ್ದಿತು? ರವಿವರ್ಮರ ಸ್ವಂತ ಸೀಮೆಯಾದ ತಿರುವಾಂಕೂರಿನಲ್ಲಿ ದೇವಾಲಯದ ಸುತ್ತಣ ಬೀದಿಯಲ್ಲಿ ನಡೆಯುವ ಹಕ್ಕಿಗಾಗಿ 1924ರಲ್ಲಿ ವೈಕಂ ಸತ್ಯಾಗ್ರಹವನ್ನು ಹೂಡಬೇಕಾಯಿತು. ಎಲ್ಲ ಹಿಂದೂಗಳಿಗೂ ದೇವಾಲಯಪ್ರವೇಶವನ್ನು ಕೊಟ್ಟ ರಾಜಘೋಷಣೆಯು ಹೊರಟದ್ದು 1936ರಲ್ಲಿ. ಅಚ್ಚುಕೂಟವು ತೆರೆದದ್ದು 1894ರಲ್ಲಿ. ಅಂದರೆ ದೇವಾಲಯದ ಬಾಗಿಲು ತೆರೆಯುವುದಕ್ಕೆ 42 ವರ್ಷ ಮೊದಲೇ, ಬಾಗಿಲ ಹೊರಗೆ ನಿಲ್ಲಿಸಲ್ಪಟ್ಟವನ ಕೈಗೆಟುಕುವಂತೆ ದೇವರ ಮುಖವು ಸಂತೆಗೆ ಬಂದಿತು. ಪಟವು ಕೊಳ್ಳುವವನ ಕುಲವನ್ನು ಕೇಳಲಿಲ್ಲ. ಗುಡಿಸಲಿನ ಗೋಡೆಯ ಮೇಲೆ ತೂಗುಹಾಕಿದ ಲಕ್ಷ್ಮಿಯು ಅರಮನೆಯ ಲಕ್ಷ್ಮಿಗಿಂತ ಕಡಿಮೆಯಾಗಿರಲಿಲ್ಲ. ಈ ಪರಿಣಾಮವನ್ನು ರವಿವರ್ಮರು ಉದ್ದೇಶಿಸಿದ್ದರೆಂದು ನಾವು ಹೇಳಲಾರೆವು. ಆದರೆ ಪರಿಣಾಮವನ್ನು ಯಾರೂ ಅಲ್ಲಗಳೆಯಲಾರರು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅವನೀಂದ್ರನಾಥರು 1905ರಲ್ಲಿ ಬರೆದ ಭಾರತಮಾತೆಯು ಕಾವಿಯುಟ್ಟ ತಪಸ್ವಿನಿ, ಅತ್ಯುತ್ತಮವಾದ ಚಿತ್ರ. ಆದರೆ ಹಳ್ಳಿಹಳ್ಳಿಗಳ ಗೋಡೆಗಳ ಮೇಲೆ ಕ್ಯಾಲೆಂಡರುಗಳಲ್ಲಿ ಮೂಡಿ ಜನರಿಂದ ವಂದಿಸಲ್ಪಟ್ಟ ಭಾರತಮಾತೆಯನ್ನು ನೋಡಿರಿ. ತುಂಬಿದ ಮುಖ, ಸೀರೆ, ಕಿರೀಟ, ನಿಂತ ಭಂಗಿ, ಇವೆಲ್ಲವೂ ರವಿವರ್ಮರ ಲಕ್ಷ್ಮಿಯ ವಂಶಕ್ಕೆ ಸೇರಿದವು. ಯಾವ ಸ್ವದೇಶಿಯ ಹೆಸರಿನಲ್ಲಿ ಅವರನ್ನು ತಿರಸ್ಕರಿಸಲಾಯಿತೋ ಆ ಸ್ವದೇಶಿಯ ದೇವಿಯೇ ಅವರ ಅಚ್ಚಿನಲ್ಲಿ ರೂಪುಗೊಂಡಳು.

ಅವರ ಪ್ರಭಾವವು ಕಾಗದದಲ್ಲಿಯೇ ನಿಲ್ಲಲಿಲ್ಲ. ಭಾರತೀಯ ಚಲನಚಿತ್ರದ ಜನಕರೆನಿಸಿದ ದಾದಾಸಾಹೇಬ ಫಾಲ್ಕೆಯವರು ಚಲನಚಿತ್ರಕ್ಕೆ ಬರುವ ಮುನ್ನ ರವಿವರ್ಮರ ಅಚ್ಚುಕೂಟಕ್ಕಾಗಿಯೂ ಕೆಲಸ ಮಾಡಿದ್ದರು. 1913ರಲ್ಲಿ ಅವರು ‘ರಾಜಾ ಹರಿಶ್ಚಂದ್ರ’ವನ್ನು ತೋರಿಸಿದಾಗ ಚಿತ್ರಪಟದ ಪುರಾಣಪುರುಷರೇ ಎದ್ದು ನಡೆದಂತಾಯಿತು. ನಾಟಕದ ಕಂಪೆನಿಗಳ ಪರದೆಗಳಲ್ಲಿಯೂ ವೇಷಗಳಲ್ಲಿಯೂ ಅದೇ ಮಾದರಿ ಹರಡಿತು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬಯಿಯಲ್ಲಿ ನೆಲೆಸಿ ಚಲನಚಿತ್ರದ ಭಿತ್ತಿಪತ್ರಗಳನ್ನೂ ಪುರಾಣದ ಕ್ಯಾಲೆಂಡರುಗಳನ್ನೂ ಬರೆದು, ಆ ಪರಂಪರೆಯನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧಕ್ಕೂ ಮುಟ್ಟಿಸಿದರು. ದೂರದರ್ಶನದಲ್ಲಿ 1987ರಲ್ಲಿ ‘ರಾಮಾಯಣ’ವು ಆರಂಭವಾದಾಗ ಪಾತ್ರಧಾರಿಗಳಿಗೆ ಜನರು ಮನೆಯಲ್ಲಿ ಕೈಮುಗಿದರಷ್ಟೆ; ಆ ಮುಖಗಳನ್ನೂ ಆ ಉಡುಗೆಯನ್ನೂ ದೇವರದೆಂದು ನಂಬಲು ಅವರ ಕಣ್ಣನ್ನು ಮೂರು ತಲೆಮಾರುಗಳಿಂದ ಪಳಗಿಸಿದ್ದವರು ಯಾರು?

ನಮ್ಮ ಕರ್ತವ್ಯ

ಭಾರತ ಸರ್ಕಾರವು 1979ರಲ್ಲಿ ರವಿವರ್ಮರ ಕೃತಿಗಳನ್ನು ರಾಷ್ಟ್ರದ ಕಲಾನಿಧಿಯೆಂದು ಸಾರಿ ದೇಶದಿಂದ ಹೊರಕ್ಕೆ ಸಾಗಿಸದಂತೆ ನಿರ್ಬಂಧಿಸಿತು. ತೈಲಚಿತ್ರಗಳು ಇಂದು ಕೋಟಿಗಟ್ಟಲೆ ರೂಪಾಯಿಗಳಿಗೆ ಹರಾಜಾಗುತ್ತಿವೆ. ಅವುಗಳನ್ನು ಕಾಯಲು ಧನಿಕರೂ ವಸ್ತುಸಂಗ್ರಹಾಲಯಗಳೂ ಇರುವುವು. ನಮಗಿರುವ ಚಿಂತೆಯು ಕಾಗದದ ಪಟಗಳದು.

ಯಾವುದಾದರೂ ಅಶ್ವತ್ಥಕಟ್ಟೆಯ ಬಳಿಗೆ ಹೋಗಿ ನೋಡಿರಿ. ಮನೆಗೆ ಸುಣ್ಣ ಹೊಡೆಸುವಾಗ, ಹಳೆಯ ಮನೆಯನ್ನು ಕೆಡವುವಾಗ, ಕಟ್ಟು ಸಡಿಲಿದ ದೇವರ ಪಟಗಳನ್ನು ಎಸೆಯಲು ಮನಸ್ಸು ಬಾರದೆ ಜನರು ಮರದ ಬುಡದಲ್ಲಿ ಇಟ್ಟು ಹೋಗುವರು. ಭಕ್ತಿಯೇ ಅವರನ್ನು ಹಾಗೆ ಮಾಡಿಸುವುದು. ಆದರೆ ಎರಡು ಮಳೆ ಬಿದ್ದರೆ ಬಣ್ಣವು ಕರಗುವುದು, ಗೆದ್ದಲು ಉಳಿದುದನ್ನು ಮುಗಿಸುವುದು. ಅವುಗಳಲ್ಲಿ ಎಷ್ಟು ರವಿವರ್ಮರ ಅಚ್ಚುಕೂಟದ ಮೂಲಪ್ರತಿಗಳೋ ಬಲ್ಲವರಾರು? ಅಚ್ಚಿನ ಕಲ್ಲುಗಳ ಮನೆಯೇ ಸುಟ್ಟುಹೋದ ಮೇಲೆ ಈ ಕಾಗದಗಳೇ ಉಳಿದ ಸಾಕ್ಷಿ. ಕೆಲವು ಮನೆಗಳ ಅಜ್ಜಿಯರು ಪಟದ ದೇವಿಗೆ ಜರಿ, ಮುತ್ತು, ರೇಷ್ಮೆಯ ತುಂಡುಗಳನ್ನು ಹೊಲಿದು ಅಲಂಕರಿಸಿರುವರು. ಅಂತಹ ಪಟವು ಇನ್ನೊಂದು ಜಗತ್ತಿನಲ್ಲೆಲ್ಲಿಯೂ ಇರಲಾರದು.

ಆದಕಾರಣ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿದು. ಹಳೆಯ ಪಟವನ್ನು ಹೊರಗಿಡುವ ಮುನ್ನ ಅದರ ಕೆಳಗಿನ ಸಾಲನ್ನೊಮ್ಮೆ ಓದಿ ನೋಡಿರಿ. ಒದ್ದೆ ಬಟ್ಟೆಯಿಂದ ಒರೆಸಬೇಡಿರಿ. ತೇವದ ಗೋಡೆಗೂ ದೀಪದ ಹೊಗೆಗೂ ದೂರವಿಡಿರಿ. ಇಟ್ಟುಕೊಳ್ಳಲು ಸ್ಥಳವಿಲ್ಲದಿದ್ದರೆ ಊರಿನ ಪಾಠಶಾಲೆಗಾಗಲಿ ವಾಚನಾಲಯಕ್ಕಾಗಲಿ ಒಪ್ಪಿಸಿರಿ. ಅಧಿಕಾರಿವರ್ಗದವರಲ್ಲಿಯೂ ಒಂದು ಮಾತು: ಜಿಲ್ಲೆಯ ಮುಖ್ಯ ಪಟ್ಟಣದಲ್ಲಿ ಇಂತಹ ಪಟಗಳಿಗೆ ಒಂದು ಕೋಣೆಯನ್ನು ಗೊತ್ತುಮಾಡುವುದು ಬೊಕ್ಕಸಕ್ಕೆ ಭಾರವಾಗಲಾರದು. ಮೈಸೂರಿಗೆ ಪ್ರವಾಸ ಹೋಗುವ ಶಾಲೆಯ ಮಕ್ಕಳನ್ನು ಜಗನ್ಮೋಹನ ಅರಮನೆಗೂ ಕರೆದುಕೊಂಡು ಹೋಗಿ, ಮನೆಯಲ್ಲಿ ತಾವು ದಿನವೂ ನೋಡುವ ಮುಖವು ಎಲ್ಲಿಂದ ಬಂದಿತೆಂಬುದನ್ನು ಉಪಾಧ್ಯಾಯರು ತಿಳಿಸಿಕೊಡಬೇಕು.

ನಮ್ಮ ಪಾಠಶಾಲೆಯ ಆ ಸರಸ್ವತಿಯ ಪಟವು ಈಗ ಅಲ್ಲಿಲ್ಲ. ಕಟ್ಟಡವನ್ನು ಹೊಸದಾಗಿ ಕಟ್ಟಿದಾಗ ಅದನ್ನು ಎಲ್ಲಿಗೆ ಒಯ್ದರೆಂದು ಕೇಳಿದರೆ ಯಾರೂ ಹೇಳಲಾರರು. ಮಿಕ್ಕ ಊರುಗಳ ಪಟಗಳಿಗಾದರೂ ಆ ಗತಿಯು ಬಾರದಿರಲಿ.